ಹಾಲಿನಂಥ ಡ್ರಿಪ್ಸ್: ಆಪರೇಷನ್ ಆದ ರೋಗಿಗೆ ಲಿಪಿಡ್ ಕೊಡುವ ಬಗೆ, ಮೊದಲಿಂದ ಕೊನೆಯವರೆಗೆ

ಫೆಬ್ರವರಿ ಬಂತೆಂದರೆ ಕೊಡಗಿನಲ್ಲಿ ಸರ್ಜರಿ ವಾರ್ಡಿಗೆ ಕಾಳುಮೆಣಸು ಕೊಯ್ಯುವವರು ಬರಲು ಶುರು. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿ ಜಾರುತ್ತದೆ, ಕೆಳಗೆ ಕಾಫಿ ಗಿಡದ ಬೊಡ್ಡೆ ಇರುತ್ತದೆ. ಕೈಕಾಲು ಮುರಿದರೆ ಬಚಾವು. ಹೊಟ್ಟೆಗೆ ಪೆಟ್ಟು ಬಿದ್ದರೆ ಕಥೆ ಬೇರೆ. ಹಾಗೆ ಬಂದ ಒಬ್ಬರ ಸಣ್ಣಕರುಳು ಹರಿದಿತ್ತು. ಹರಿದ ಭಾಗ ತೆಗೆದು ಹೊಲಿದರು. ಐದನೇ ದಿನ ಹೊಲಿಗೆ ಸೋರಿತು. ಬಾಯಿಂದ ಕೊಡುವ ಹಾಗಿಲ್ಲ, ಮೂಗಿನ ನಳಿಗೆಯಿಂದ ಕೊಟ್ಟಿದ್ದು ಗಾಯದಿಂದ ಹೊರಗೆ ಬರುತ್ತಿತ್ತು. ತೂಕ 50 ಕಿಲೋ. ವಾರ್ಡಿನಲ್ಲಿ ನಾವೆಲ್ಲ ಅವರನ್ನು ಮೆಣಸಣ್ಣ ಅಂತಲೇ ಕರೆಯುತ್ತಿದ್ದೆವು. ಮೊದಲ ರಾತ್ರಿ ನಾನು ಬಿಳಿ ಬಾಟಲಿ ನೇತುಹಾಕುವಾಗ ಅವರ ಹೆಂಡತಿ ಹತ್ತಿರ ಬಂದು ಕೇಳಿದರು: “ಸಿಸ್ಟರ್, ನರಕ್ಕೆ ಹಾಲು ಬಿಡ್ತಿದ್ದೀರಾ?”

ಹಾಲಲ್ಲ. ಆದರೆ ಅವರು ಹೇಳಿದ್ದು ತೀರಾ ದೂರವೂ ಅಲ್ಲ. ಹಾಲಿನಲ್ಲಿ ಬೆಣ್ಣೆಯ ಕಣಗಳು ನೀರಿನಲ್ಲಿ ಹೇಗೆ ಹರಡಿಕೊಂಡಿರುತ್ತವೋ, ಇದರಲ್ಲಿ ಎಣ್ಣೆಯ ಕಣಗಳು ಹಾಗೇ ಇರುತ್ತವೆ. ವಾರ್ಡಿನಲ್ಲಿ ಇದಕ್ಕೆ ಲಿಪಿಡ್ ಅಂತೀವಿ.

ಹೊಸದಾಗಿ ಡ್ಯೂಟಿಗೆ ಬಂದ ಸಿಸ್ಟರ್, ಬ್ರದರ್ ಮತ್ತು ಹೌಸ್ ಸರ್ಜನ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ರೋಗಿಯ ಮನೆಯವರು ಓದಿದರೂ ಅರ್ಥ ಆಗಬೇಕು. ಯಾರಿಗೆ, ಎಷ್ಟು ಅನ್ನುವ ಆರ್ಡರ್ ಡಾಕ್ಟರದು. ಆದರೆ ಆ ಆರ್ಡರ್ ಬಾಟಲಿಯಿಂದ ರೋಗಿಯ ಮೈಗೆ ಹೋಗುವವರೆಗಿನ ದಾರಿ ನಮ್ಮ ಕೈಯಲ್ಲಿರುತ್ತದೆ. ನಾನು ಮತ್ತೆ ಮತ್ತೆ ಹೇಳುವ ಮಾತು ಒಂದೇ: ಇದನ್ನು ಡ್ರಿಪ್ಸ್ ಅಂತ ನೋಡಬೇಡಿ, ಊಟ ಅಂತ ನೋಡಿ. ಸಲೈನ್ ಸ್ವಲ್ಪ ಬೇಗ ಓಡಿದರೆ ಎಷ್ಟೋ ಸಲ ನಡೆದುಹೋಗುತ್ತದೆ. ಊಟ ತುರುಕಿದರೆ ನಡೆಯಲ್ಲ.

ಬಾಟಲಿಯೊಳಗೆ ಏನಿದೆ

ಸಾಮಾನ್ಯವಾಗಿ ಸಿಗುವ 20% ಸೋಯಾ ಲಿಪಿಡ್‌ನಲ್ಲಿ ಲೀಟರಿಗೆ 200 ಗ್ರಾಂ ಸೋಯಾ ಎಣ್ಣೆ, ಮೊಟ್ಟೆಯ ಹಳದಿಯಿಂದ ತೆಗೆದ 12 ಗ್ರಾಂ ಫಾಸ್ಫೋಲಿಪಿಡ್, 22 ಗ್ರಾಂ ಚಿಲ್ಲರೆ ಗ್ಲಿಸರಿನ್ ಇರುತ್ತದೆ. ಉಳಿದದ್ದು ನೀರು. ಎಣ್ಣೆ ಮತ್ತು ನೀರು ಜಗಳವಾಡದ ಹಾಗೆ ನೋಡಿಕೊಳ್ಳುವುದು ಆ ಮೊಟ್ಟೆಯ ಫಾಸ್ಫೋಲಿಪಿಡ್. ಗ್ಲಿಸರಿನ್ ಇರುವುದರಿಂದ ದ್ರವ ನೀರನ್ನು ಎಳೆಯುವ ಬಲ (ಆಸ್ಮೋಲಾಲಿಟಿ) ರಕ್ತದ್ದಕ್ಕೆ ಹತ್ತಿರ ಇರುತ್ತದೆ. ಹಾಗಾಗಿ ಲಿಪಿಡ್ ಒಂದನ್ನೇ ಆದರೆ ಕೈಯ ರಕ್ತನಾಳಕ್ಕೂ ಕೊಡಬಹುದು. 25% ಡೆಕ್ಸ್‌ಟ್ರೋಸ್‌ಗೆ (ಗ್ಲೂಕೋಸ್ ಡ್ರಿಪ್ಸ್‌ಗೆ) ಈ ಸೌಲಭ್ಯ ಇಲ್ಲ. ಅದು ಕೈಯ ನಾಳವನ್ನು ಸುಟ್ಟ ಹಾಗೆ ಊದಿಸಿಬಿಡುತ್ತದೆ.

ಎಣ್ಣೆಯ ಕಣಗಳು ಸರಾಸರಿ ಅರ್ಧ ಮೈಕ್ರಾನಿಗಿಂತ ಸಣ್ಣ. ನಾವು ಊಟ ಮಾಡಿದ ಮೇಲೆ ಕರುಳಿನಿಂದ ರಕ್ತಕ್ಕೆ ಬರುವ ಕೊಬ್ಬಿನ ಕಣಗಳೂ ಇದೇ ಗಾತ್ರದ ಆಸುಪಾಸಿನಲ್ಲಿವೆ. ದೇಹ ಇವನ್ನೂ ಅದೇ ಕಿಣ್ವದಿಂದ ಒಡೆಯುತ್ತದೆ. ಆ ಕಿಣ್ವಕ್ಕೆ ಒಂದು ವೇಗ ಇದೆ. ಅದಕ್ಕಿಂತ ಜೋರಾಗಿ ಸುರಿದರೆ ಕೊಬ್ಬು ರಕ್ತದಲ್ಲೇ ಉಳಿಯುತ್ತದೆ.

ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್ 1960ರ ದಶಕದ ಶುರುವಿನಲ್ಲಿ ಸೋಯಾ ಎಣ್ಣೆ ಮತ್ತು ಮೊಟ್ಟೆ ಸೇರಿಸಿ ಇಂಟ್ರಾಲಿಪಿಡ್ ಮಾಡುವವರೆಗೆ ನೆಚ್ಚಿಕೊಳ್ಳುವಂಥ ಲಿಪಿಡ್ ಇರಲಿಲ್ಲ. ಅದಕ್ಕೂ ಮುಂಚೆ ಅಮೆರಿಕದಲ್ಲಿ ಹತ್ತಿಬೀಜದ ಎಣ್ಣೆಯದ್ದು ಬಂದಿತ್ತು. ಅಡ್ಡಪರಿಣಾಮ ಜಾಸ್ತಿಯಾಗಿ ವಾಪಸ್ ಪಡೆದರು.

ಹೆಜ್ಜೆ 1: ಕರುಳು ಕೆಲಸ ಮಾಡುತ್ತಿದೆಯಾ?

ಬಾಟಲಿಗೆ ಇಂಡೆಂಟ್ ಹಾಕುವ ಮುಂಚೆ ಈ ಪ್ರಶ್ನೆ. ಕರುಳು ಸ್ವಲ್ಪವಾದರೂ ಕೆಲಸ ಮಾಡುತ್ತಿದ್ದರೆ ಅದನ್ನೇ ಬಳಸಿ. ಬಾಯಿಂದ ಆಗದಿದ್ದರೆ ಮೂಗಿನ ನಳಿಗೆ, ಅದೂ ಆಗದಿದ್ದರೆ ಕರುಳಿಗೇ ಹಾಕಿದ ನಳಿಗೆ. ರಕ್ತನಾಳದ ಊಟ ಕೊನೆಯ ದಾರಿ. ಅದು ದುಬಾರಿ ಅನ್ನುವುದಕ್ಕಿಂತ ಹೆಚ್ಚಾಗಿ, ಸೋಂಕಿನ ಭಯ ಜಾಸ್ತಿ.

ಹಾಗಾದರೆ ಯಾರಿಗೆ ಬೇಕು? ಆಪರೇಷನ್ ಆದ ರೋಗಿ ಐದು ದಿನಕ್ಕಿಂತ ಹೆಚ್ಚು ಊಟ ಮಾಡಲಾರರು ಅಂತ ಗೊತ್ತಿದ್ದರೆ, ಇಲ್ಲವೇ ಏಳು ದಿನಕ್ಕೂ ಹೆಚ್ಚು ಕಾಲ ಬೇಕಾದ್ದರಲ್ಲಿ ಅರ್ಧದಷ್ಟೂ ಹೊಟ್ಟೆಗೆ ಸೇರದಿದ್ದರೆ, ಪೋಷಣೆಯ ಯೋಚನೆ ಶುರು ಮಾಡಬೇಕು ಅಂತ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಕರುಳಿನ ದಾರಿ ಮುಚ್ಚಿದ್ದರೆ ಆಗ ನಮ್ಮ ಬಿಳಿ ಬಾಟಲಿ. ಕರುಳಿನ ಫಿಸ್ಟುಲಾ (ಕರುಳಿನಿಂದ ಹೊರಗೆ ಸೋರುವ ದಾರಿ) ಆದವರು, ಕರುಳು ಬಹಳ ಕತ್ತರಿಸಿ ಗಿಡ್ಡ ಆದವರು, ವಾರವಾದರೂ ಕರುಳು ಅಲ್ಲಾಡದವರು. ಮೆಣಸಣ್ಣ ಮೊದಲ ಗುಂಪು.

ಆಪರೇಷನ್ನಿಗೆ ಮುಂಚೆಯೇ ಬಡಕಲಾಗಿದ್ದವರನ್ನು ಮರೆಯಬೇಡಿ. ಆರು ತಿಂಗಳಲ್ಲಿ ನೂರಕ್ಕೆ ಹತ್ತು ಹದಿನೈದರಷ್ಟು ತೂಕ ಇಳಿದವರು, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 18.5ಕ್ಕಿಂತ ಕಡಿಮೆ ಇರುವವರು. ಇವರಿಗೆ ತುರ್ತಿಲ್ಲದ ದೊಡ್ಡ ಆಪರೇಷನ್ ಇದ್ದರೆ ಒಂದೆರಡು ವಾರ ಮುಂದೂಡಿ ಮೊದಲು ಪೋಷಣೆ ಕೊಡುವುದೇ ಲೇಸು. ತೋಟದ ಲೈನ್‌ಮನೆಗಳಿಂದ ಬರುವವರಲ್ಲಿ ತೂಕ ಎಷ್ಟಿತ್ತು ಅಂತ ಗೊತ್ತಿರುವವರು ಕಡಿಮೆ. “ಹೋದ ವರ್ಷದ ಪ್ಯಾಂಟು ಈಗ ಸಡಿಲ ಆಗಿದೆಯಾ?” ಅಂತ ಕೇಳಿ. ಉತ್ತರ ಸಿಗುತ್ತದೆ.

ಹೆಜ್ಜೆ 2: ಮೊಟ್ಟೆ, ಸೋಯಾ, ಕಡಲೆಕಾಯಿ, ಮೀನು

ಈ ನಾಲ್ಕರ ಬಗ್ಗೆ ಬಾಯಿಬಿಟ್ಟು ಕೇಳಿ. “ಅಲರ್ಜಿ ಇದೆಯಾ?” ಅಂದರೆ ಎಲ್ಲರೂ ಇಲ್ಲ ಅಂತಾರೆ. “ಮೊಟ್ಟೆ ತಿಂದರೆ ಮೈ ತುರಿಸುತ್ತಾ, ಗಂಟಲು ಬಿಗಿಯುತ್ತಾ? ಕಡಲೆಕಾಯಿಗೆ? ಒಣಮೀನಿಗೆ?” ಅಂತ ಒಂದೊಂದೇ ಕೇಳಬೇಕು. ಮೊಟ್ಟೆ ಮತ್ತು ಸೋಯಾ ಎಲ್ಲ ಸಾಮಾನ್ಯ ಲಿಪಿಡ್‌ನಲ್ಲೂ ಇರುತ್ತವೆ. ಕಡಲೆಕಾಯಿ ಬಾಟಲಿಯಲ್ಲಿ ಇಲ್ಲ, ಆದರೆ ಸೋಯಾದ ನೆಂಟ. ಮೀನೆಣ್ಣೆ ಕೆಲವು ಬ್ರಾಂಡಿನಲ್ಲಿ ಮಾತ್ರ ಇರುತ್ತದೆ.

ಇನ್ನೊಂದು ಸಂಗತಿ. ಸೋಮವಾರಪೇಟೆ, ಶನಿವಾರಸಂತೆ ಕಡೆಯಿಂದ ಬರುವ ಕೆಲವು ಮನೆಯವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಬಾಟಲಿಯಲ್ಲಿ ಮೊಟ್ಟೆಯಿಂದ ತೆಗೆದದ್ದು ಇದೆ ಅಂತ ಅವರಿಗೆ ಮೊದಲೇ ಹೇಳಿಬಿಡಿ. ಇಷ್ಟರವರೆಗೆ ನಾನು ಹೇಳಿದ ಯಾರೂ ಬೇಡ ಅಂದಿಲ್ಲ. ಹೇಳದೆ ಆಮೇಲೆ ಲೇಬಲ್ ಓದಿದವರು ಮಾತ್ರ ಬೇಜಾರು ಮಾಡಿಕೊಂಡಿದ್ದಾರೆ.

ರಕ್ತದ ಪರೀಕ್ಷೆಯಲ್ಲಿ ಶುರುವಿನ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ಬೇಕೇ ಬೇಕು. ಡೆಸಿಲೀಟರಿಗೆ 400 ಮಿಲಿಗ್ರಾಂ ದಾಟಿದ್ದರೆ ಡಾಕ್ಟರಿಗೆ ತಿಳಿಸದೆ ಹಚ್ಚಬೇಡಿ. ಟ್ರೈಗ್ಲಿಸರೈಡ್ ಏರಿದ್ದರಿಂದಲೇ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಆಗಿದ್ದರೆ ಲಿಪಿಡ್ ಬೇಡ. ಪ್ಯಾಂಕ್ರಿಯಾಟೈಟಿಸ್ ಇದೆ ಅನ್ನುವ ಒಂದೇ ಕಾರಣಕ್ಕೆ ಲಿಪಿಡ್ ನಿಲ್ಲಿಸುವುದು ಮಾತ್ರ ಹಳೇ ಕಾಲದ ಹೆದರಿಕೆ. ಜೊತೆಗೆ ಸಕ್ಕರೆ, ಪೊಟ್ಯಾಷಿಯಂ, ಮೆಗ್ನೀಷಿಯಂ, ಫಾಸ್ಫೇಟ್, ಲಿವರ್ ಟೆಸ್ಟ್. ಫಾಸ್ಫೇಟ್ ಬರೆಯಲು ಎಲ್ಲರೂ ಮರೆಯುತ್ತಾರೆ. ಹತ್ತು ದಿನ ಉಪವಾಸ ಇದ್ದವರಿಗೆ ಒಮ್ಮೆಲೇ ಪೂರ್ತಿ ಊಟ ಹೋದರೆ ಮೊದಲು ಕುಸಿಯುವುದು ಅದೇ, ಆಮೇಲೆ ಹೃದಯದ ಬಡಿತ ದಾರಿ ತಪ್ಪುತ್ತದೆ. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅಂತಾರೆ. ಅಂಥವರಿಗೆ ಊಟಕ್ಕೆ ಮುಂಚೆ ಥಯಮಿನ್ (ವಿಟಮಿನ್ ಬಿ1) ಹೋಗಬೇಕು, ಊಟ ಕಾಲುಭಾಗದಿಂದ ಏರಬೇಕು. ಕುಡಿತದ ಅಭ್ಯಾಸ ಇದ್ದವರಲ್ಲಿ ಥಯಮಿನ್ ಮರೆತರೆ ಕ್ಷಮೆ ಇಲ್ಲ.

ಹೆಜ್ಜೆ 3: ಲೆಕ್ಕ

ಡಾಕ್ಟರ್ ಬರೆದದ್ದನ್ನು ನಾವೂ ಒಮ್ಮೆ ಕೂಡಿ ನೋಡಬೇಕು. ಮೆಣಸಣ್ಣನ 50 ಕಿಲೋ ತೂಕವನ್ನೇ ಇಟ್ಟುಕೊಳ್ಳೋಣ.

ಕಿಲೋಗೆ 25ರಿಂದ 30 ಕಿಲೋಕ್ಯಾಲರಿ ಬೇಕು. 30 ಹಿಡಿದರೆ ದಿನಕ್ಕೆ 1500. ಪ್ರೋಟೀನ್ ಕಿಲೋಗೆ 1.5 ಗ್ರಾಂ, ಅಂದರೆ 75 ಗ್ರಾಂ. ಗ್ರಾಂಗೆ 4ರಂತೆ 300 ಕಿಲೋಕ್ಯಾಲರಿ. ಉಳಿಯಿತು 1200. ಅದನ್ನು ಸಕ್ಕರೆ ಮತ್ತು ಕೊಬ್ಬಿಗೆ ಹಂಚಬೇಕು.

ಲಿಪಿಡ್ ಕಿಲೋಗೆ ದಿನಕ್ಕೆ ಸುಮಾರು 1 ಗ್ರಾಂ, ಅಂದರೆ 50 ಗ್ರಾಂ. 20% ಬಾಟಲಿಯಲ್ಲಿ 100 ಎಂಎಲ್‌ಗೆ 20 ಗ್ರಾಂ. ಹಾಗಾದರೆ 250 ಎಂಎಲ್, ಸರಿಯಾಗಿ ಒಂದು ಬಾಟಲಿ. 20% ಲಿಪಿಡ್ ಒಂದು ಎಂಎಲ್‌ಗೆ 2 ಕಿಲೋಕ್ಯಾಲರಿ ಕೊಡುತ್ತದೆ. ಬಾಟಲಿಗೆ 500. ಒಟ್ಟು ಊಟದಲ್ಲಿ ಮೂರನೇ ಒಂದು ಭಾಗ. ಇದು ಒಳ್ಳೆಯ ಪ್ರಮಾಣ.

ಉಳಿದ 700 ಗ್ಲೂಕೋಸ್‌ನಿಂದ ಬರಬೇಕು. ಡ್ರಿಪ್ಸ್‌ನ ಡೆಕ್ಸ್‌ಟ್ರೋಸ್ ಗ್ರಾಂಗೆ 3.4 ಕೊಡುತ್ತದೆ, 4 ಅಲ್ಲ. 700 ಭಾಗಿಸು 3.4, ಸುಮಾರು 206 ಗ್ರಾಂ. 25% ಡೆಕ್ಸ್‌ಟ್ರೋಸ್ ಆದರೆ 820 ಎಂಎಲ್ ಚಿಲ್ಲರೆ.

ಈಗ ಲಿಪಿಡ್ ಇಲ್ಲದೆ ಇದೇ ಲೆಕ್ಕ ಮಾಡಿ. 1200 ಪೂರ್ತಿ ಡೆಕ್ಸ್‌ಟ್ರೋಸ್‌ನಿಂದಲೇ ಬರಬೇಕು. 353 ಗ್ರಾಂ. ನಿಮಿಷಕ್ಕೆ ಕಿಲೋಗೆ 4.9 ಮಿಲಿಗ್ರಾಂ ಆಯಿತು. ದೇಹ ಸುಡಬಲ್ಲದ್ದು 4ರಿಂದ 5. ಆಪರೇಷನ್ ಆಗಿ ಸೋಂಕೂ ಇರುವ ಮೈಯಲ್ಲಿ ಇನ್ಸುಲಿನ್ ಮೊದಲೇ ಸರಿಯಾಗಿ ಕೆಲಸ ಮಾಡುತ್ತಿರುವುದಿಲ್ಲ. ಸಕ್ಕರೆ 300 ದಾಟುತ್ತದೆ, ಹೆಚ್ಚಾದದ್ದು ಲಿವರ್‌ನಲ್ಲಿ ಕೊಬ್ಬಾಗಿ ಕೂರುತ್ತದೆ, ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗಿ ಉಸಿರಾಟಕ್ಕೆ ಹೊರೆ. ಲಿಪಿಡ್ ಸೇರಿಸಿದರೆ ಅದೇ ಲೆಕ್ಕ 2.9ಕ್ಕೆ ಇಳಿಯುತ್ತದೆ. ಬಿಳಿ ಬಾಟಲಿ ಯಾಕೆ ಬೇಕು ಅಂತ ಕೇಳಿದರೆ ನಾನು ಕೊಡುವ ಉತ್ತರ ಈ ಎರಡು ಅಂಕಿ.

ಇನ್ನೊಂದು ಕಾರಣವೂ ಇದೆ. ಲಿನೋಲೆಯಿಕ್ ಮತ್ತು ಆಲ್ಫಾ ಲಿನೋಲೆನಿಕ್ ಅನ್ನುವ ಎರಡು ಕೊಬ್ಬಿನ ಆಮ್ಲಗಳನ್ನು ನಮ್ಮ ದೇಹ ತಯಾರಿಸಲಾರದು. ಕೊಬ್ಬೇ ಇಲ್ಲದ ಡ್ರಿಪ್ಸ್ ಮೇಲೆ ಎರಡು ಮೂರು ವಾರ ಇಟ್ಟರೆ ಚರ್ಮ ಒಣಗಿ ಹೊಟ್ಟು ಏಳುತ್ತದೆ, ಕೂದಲು ಉದುರುತ್ತದೆ, ಗಾಯ ಕೂಡುವುದಿಲ್ಲ. ಸೋಯಾ ಲಿಪಿಡ್ ಆದರೆ ವಾರಕ್ಕೆ 100 ಗ್ರಾಂ ಹೋದರೂ ಈ ಕೊರತೆ ಬಾರದು. ಮೀನೆಣ್ಣೆ, ಆಲಿವ್ ಬೆರೆಸಿದ ಲಿಪಿಡ್‌ನಲ್ಲಿ ಲಿನೋಲೆಯಿಕ್ ಕಡಿಮೆ. ಅದನ್ನು ವಾರಕ್ಕೊಮ್ಮೆ ಶಾಸ್ತ್ರಕ್ಕೆ ಕೊಟ್ಟರೆ ಸಾಲದು.

ಐಸಿಯುನಿಂದ ಬಂದ ರೋಗಿ ಆದರೆ ನಿದ್ದೆ ಬರಿಸುವ ಪ್ರೊಪೊಫಾಲ್ ಓಡುತ್ತಿದೆಯಾ ನೋಡಿ. ಅದೂ 10% ಲಿಪಿಡ್‌ನಲ್ಲೇ ಕರಗಿಸಿದ ಔಷಧಿ, ಎಂಎಲ್‌ಗೆ 1.1 ಕಿಲೋಕ್ಯಾಲರಿ. ಗಂಟೆಗೆ 10 ಎಂಎಲ್ ಓಡಿದರೆ ದಿನಕ್ಕೆ 264 ಕಿಲೋಕ್ಯಾಲರಿ, 24 ಗ್ರಾಂ ಕೊಬ್ಬು ಸದ್ದಿಲ್ಲದೆ ಹೋಗಿರುತ್ತದೆ. ಅದನ್ನು ಕಳೆದು ಉಳಿದದ್ದನ್ನು ಮಾತ್ರ ಕೊಡಬೇಕು.

ಮೊದಲ ದಿನ ಪೂರ್ತಿ ಬಾಟಲಿ ಬೇಡ. ಅರ್ಧ ಕೊಟ್ಟು, ಮರುದಿನದ ರಿಪೋರ್ಟ್ ನೋಡಿ ಏರಿಸುವುದು ಒಳ್ಳೆಯದು.

ಹೆಜ್ಜೆ 4: ಯಾವ ಎಣ್ಣೆ

ಇದರ ಬಗ್ಗೆ ಕಂಪನಿಯ ರೆಪ್‌ಗಳು ಗಂಟೆಗಟ್ಟಲೆ ಮಾತಾಡುತ್ತಾರೆ. ನಾನು ನಾಲ್ಕು ಸಾಲಿನಲ್ಲಿ ಮುಗಿಸುತ್ತೇನೆ. ಶುದ್ಧ ಸೋಯಾ ಎಲ್ಲಕ್ಕಿಂತ ಹಳೆಯದು, ಅಗ್ಗ. ಸೋಯಾ ಜೊತೆ ಎಂಸಿಟಿ (ಮಧ್ಯಮ ಸರಪಳಿಯ ಕೊಬ್ಬು) ಅರ್ಧರ್ಧ ಬೆರೆಸಿದ್ದು ಆಮೇಲೆ ಬಂತು, ಅದು ಬೇಗ ಉರಿಯುತ್ತದೆ. ಆಮೇಲೆ ನೂರಕ್ಕೆ 80 ಪಾಲು ಆಲಿವ್ ಇರುವುದು. ಈಗ ಜಾಸ್ತಿ ಕಾಣುವುದು ಸ್ಮೋಫ್‌ಲಿಪಿಡ್: ಸೋಯಾ 30, ಎಂಸಿಟಿ 30, ಆಲಿವ್ 25, ಮೀನೆಣ್ಣೆ 15. ಸೋಯಾದ ಒಮೆಗಾ 6 ಜಾಸ್ತಿಯಾದರೆ ಉರಿಯೂತಕ್ಕೆ ತುಪ್ಪ ಸುರಿದ ಹಾಗೆ ಅನ್ನುವ ಅನುಮಾನದಿಂದ ಈ ಮಿಶ್ರಣಗಳು ಬಂದವು. ಅಮೆರಿಕದ ಅಸ್ಪೆನ್ ಅನ್ನುವ ಪೋಷಣೆ ತಜ್ಞರ ಸಂಸ್ಥೆ 2016ರಲ್ಲಿ ಐಸಿಯು ರೋಗಿಗಳಿಗೆ ಮೊದಲ ವಾರ ಸೋಯಾ ಲಿಪಿಡ್ ತಡೆಯಿರಿ ಅಥವಾ ಕಡಿಮೆ ಮಾಡಿ ಅಂದಿತ್ತು. 2022ರಲ್ಲಿ ಮೊದಲ ವಾರವೂ ಸೋಯಾ ಆಗಲಿ ಮಿಶ್ರಣ ಆಗಲಿ ಕೊಡಬಹುದು ಅಂತ ಬದಲಾಯಿಸಿತು. ವಾರಗಟ್ಟಲೆ ಕೊಡಬೇಕಾದವರಿಗೆ, ಲಿವರ್ ಟೆಸ್ಟ್ ಏರುತ್ತಿರುವವರಿಗೆ ಮಿಶ್ರಣ ನನಗಿಷ್ಟ. ಹತ್ತು ದಿನದ ಮಾತಾದರೆ, ಮನೆಯವರು ಸಾಲ ಮಾಡಿ ದುಬಾರಿ ಬಾಟಲಿ ತರುವುದಕ್ಕಿಂತ ಸೋಯಾವನ್ನೇ ಸರಿಯಾಗಿ ಕೊಡುವುದು ಮೇಲು.

10% ಮತ್ತು 20% ಎರಡೂ ಕೈಗೆ ಸಿಕ್ಕರೆ 20% ಆರಿಸಿ. ಎರಡರಲ್ಲೂ ಫಾಸ್ಫೋಲಿಪಿಡ್ ಅಷ್ಟೇ ಇರುತ್ತದೆ. 10%ರಲ್ಲಿ ಅಷ್ಟೇ ಎಣ್ಣೆ ಕೊಡಲು ಎರಡು ಪಟ್ಟು ಫಾಸ್ಫೋಲಿಪಿಡ್ ಹೋಗುತ್ತದೆ, ರಕ್ತದಿಂದ ಕೊಬ್ಬು ತೆರವಾಗುವುದು ತಡ.

ಮೂರು ಕೋಣೆಯ ಚೀಲಗಳೂ ಬರುತ್ತವೆ. ಒಂದರಲ್ಲಿ ಗ್ಲೂಕೋಸ್, ಒಂದರಲ್ಲಿ ಅಮೈನೋ ಆಮ್ಲ (ಪ್ರೋಟೀನಿನ ಬಿಡಿಭಾಗ), ಒಂದರಲ್ಲಿ ಲಿಪಿಡ್. ಹಿಡಿಯ ಕಡೆಯಿಂದ ಸುರುಳಿ ಸುತ್ತುತ್ತಾ ಒತ್ತಿದರೆ ನಡುವಿನ ಅಂಟು ಬಿಡುತ್ತದೆ. ಆಮೇಲೆ ಮೂರು ಸಲ ಮೆಲ್ಲಗೆ ಬುಡಮೇಲು ಮಾಡಿ. ಕೆಲಸ ಸುಲಭ, ಸೋಂಕು ಕಡಿಮೆ. ಆದರೆ ಲೇಬಲ್ ಓದಿ. ಕೈಯ ನಾಳಕ್ಕೂ ಕೊಡಬಹುದಾದ ಕ್ಯಾಬಿವೆನ್ ಪೆರಿಫೆರಲ್ 1440 ಎಂಎಲ್ ಚೀಲದಲ್ಲಿ 1000 ಕಿಲೋಕ್ಯಾಲರಿ, 51 ಗ್ರಾಂ ಕೊಬ್ಬು ಇದೆ, ಅಮೈನೋ ಆಮ್ಲ ಮಾತ್ರ 34 ಗ್ರಾಂ. ಮೆಣಸಣ್ಣನಿಗೆ ಬೇಕಾದ ಪ್ರೋಟೀನಿನ ಅರ್ಧವೂ ಅಲ್ಲ. ಒಂದು ಚೀಲ ಹಾಕಿದೆವು, ಊಟ ಆಯಿತು ಅಂದುಕೊಂಡರೆ ಮೋಸ. ವಿಟಮಿನ್ ಮತ್ತು ಟ್ರೇಸ್ ಎಲಿಮೆಂಟ್ ಕೂಡ ಚೀಲದಲ್ಲಿ ಇರುವುದಿಲ್ಲ, ಬೇರೆ ಕೊಡಬೇಕು.

ಹೆಜ್ಜೆ 5: ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ

ಲಿಪಿಡ್ ಇಡಬೇಕಾದ್ದು 25 ಡಿಗ್ರಿಯೊಳಗೆ. ಮಡಿಕೇರಿಯಲ್ಲಿ ವರ್ಷದ ಬಹುಪಾಲು ಕಪಾಟೇ ಸಾಕು, ಫ್ರಿಜ್ ಯಾಕೆ? ಆದರೂ ದುಬಾರಿ ಅಂತ ಫ್ರಿಜ್‌ಗೆ ತುರುಕುವ ಅಭ್ಯಾಸ ಇದೆ. ಹಿಂದೆ ನಾನಿದ್ದ ಒಂದು ವಾರ್ಡಿನ ಹಳೇ ಫ್ರಿಜ್‌ನ ಹಿಂಗೋಡೆಯಲ್ಲಿ ಐಸ್ ಕಟ್ಟುತ್ತಿತ್ತು. ಅದಕ್ಕೆ ತಾಗಿ ಕೂತಿದ್ದ ಬಾಟಲಿ ರಾತ್ರಿಯೆಲ್ಲ ಹೆಪ್ಪುಗಟ್ಟಿ, ಬೆಳಿಗ್ಗೆ ಕರಗಿ, ನೋಡಲು ಮೊದಲಿನ ಹಾಗೇ ಇತ್ತು. ಓರೆ ಮಾಡಿದಾಗ ಕತ್ತಿನ ಹತ್ತಿರ ಹಳದಿ ಎಣ್ಣೆಯ ಗೆರೆ ಕಂಡಿತು. ಹೆಪ್ಪುಗಟ್ಟಿದ ಲಿಪಿಡ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಬಿಸಾಡಬೇಕು.

ಎರಡು ಬದಲಾವಣೆಗಳ ವ್ಯತ್ಯಾಸ ಗೊತ್ತಿರಲಿ. ಮೇಲೆ ತೆಳ್ಳಗೆ ಕೆನೆಯಂಥ ಪದರ ಕಂಡು, ಮೆಲ್ಲಗೆ ಬುಡಮೇಲು ಮಾಡಿದಾಗ ಸಮ ಬಿಳಿಯಾಗಿ ಬೆರೆತರೆ ಅದು ಬರೀ ಕೆನೆ, ಬಳಸಬಹುದು. ಹಳದಿ ಎಣ್ಣೆಯ ಹನಿ, ಗೆರೆ ಅಥವಾ ಉಂಗುರ ಕಂಡರೆ ಅದು ಒಡೆದ ಲಿಪಿಡ್. ಎಷ್ಟು ಅಲ್ಲಾಡಿಸಿದರೂ ಕೂಡುವುದಿಲ್ಲ. ಆ ದೊಡ್ಡ ಎಣ್ಣೆಹನಿ ಶ್ವಾಸಕೋಶದ ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ.

ಬಾಟಲಿಗೆ ಪೊಟ್ಯಾಷಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂ, ಆಂಟಿಬಯಾಟಿಕ್, ಏನನ್ನೂ ಚುಚ್ಚಬೇಡಿ. ಕ್ಯಾಲ್ಸಿಯಂ, ಮೆಗ್ನೀಷಿಯಂ ಎಣ್ಣೆಯ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತವೆ. ಲಿಪಿಡ್‌ಗೇ ಅಂತ ತಯಾರಾದ ಎಣ್ಣೆಯಲ್ಲಿ ಕರಗುವ ವಿಟಮಿನ್ ಮಾತ್ರ ಇದಕ್ಕೆ ಹೊರತು.

ಹೆಜ್ಜೆ 6: ಹಚ್ಚುವುದು

ಕೈ ತೊಳೆಯಿರಿ. ಇದನ್ನು ಬರೆಯಲೇಬೇಕಾ ಅನ್ನಿಸಬಹುದು. ಆದರೆ ಲಿಪಿಡ್ ನಮಗಷ್ಟೇ ಊಟ ಅಲ್ಲ, ರೋಗಾಣುಗಳಿಗೂ ಊಟ. ಸಲೈನ್‌ನಲ್ಲಿ ಸೊರಗುವ ಬ್ಯಾಕ್ಟೀರಿಯಾ, ಶಿಲೀಂಧ್ರ ಇದರಲ್ಲಿ ಚೆನ್ನಾಗಿ ಬೆಳೆಯುತ್ತವೆ.

ಹೊಸ ಸೆಟ್ ತೆಗೆದುಕೊಳ್ಳಿ. ಮಾಮೂಲಿ ಪಿವಿಸಿ ಸೆಟ್‌ನಲ್ಲಿರುವ ಡಿಇಎಚ್‌ಪಿ ಅನ್ನುವ ರಾಸಾಯನಿಕವನ್ನು ಎಣ್ಣೆ ಎಳೆದುಕೊಳ್ಳುತ್ತದೆ, ಆದ್ದರಿಂದ ಡಿಇಎಚ್‌ಪಿ ಇಲ್ಲದ್ದು ಬೇಕು. ಗಾಜಿನ ಬಾಟಲಿ ಆದರೆ ಗಾಳಿರಂಧ್ರ ಇರುವ ಸೆಟ್, ಇಲ್ಲದಿದ್ದರೆ ಸ್ವಲ್ಪ ಹೊತ್ತಿಗೆ ಹನಿ ನಿಲ್ಲುತ್ತದೆ. ಫಿಲ್ಟರ್ 1.2 ಮೈಕ್ರಾನಿನದ್ದು. 0.22ರ ಫಿಲ್ಟರಿನಲ್ಲಿ ಲಿಪಿಡ್ ಹಾಯುವುದಿಲ್ಲ. ಫಿಲ್ಟರ್ ಕಟ್ಟಿಕೊಂಡು ಪಂಪ್ ಕೂಗಿದರೆ ಫಿಲ್ಟರ್ ಕಿತ್ತುಹಾಕಿ ಓಡಿಸಬೇಡಿ. ಏನೋ ಗಂಟು ಬಂದಿರುವುದರಿಂದಲೇ ಅದು ಕಟ್ಟಿದೆ.

ಟಿಪಿಎನ್ (ರಕ್ತನಾಳದ ಊಟ, ಇಲ್ಲಿ ಗ್ಲೂಕೋಸ್ ಮತ್ತು ಅಮೈನೋ ಆಮ್ಲದ ಡ್ರಿಪ್ಸ್) ಜೊತೆಗೆ ಕೊಡುವುದಾದರೆ ರೋಗಿಯ ಹತ್ತಿರದ ವೈ ಕನೆಕ್ಟರ್‌ಗೆ ಸೇರಿಸಿ. ಲಿಪಿಡ್ ಬಾಟಲಿ ಇನ್ನೊಂದಕ್ಕಿಂತ ಎತ್ತರದಲ್ಲಿ ಇರಲಿ. ಲಿಪಿಡ್ ಹಗುರ. ಕೆಳಗಿದ್ದರೆ ಪಕ್ಕದ ನಳಿಗೆಯೊಳಗೆ ಮೇಲಕ್ಕೆ ಏರುತ್ತದೆ. ಆ ಲೈನ್‌ನಲ್ಲಿ ಬೇರೆ ಇಂಜೆಕ್ಷನ್ ಕೊಡಬೇಡಿ, ಅದರಿಂದ ರಕ್ತವನ್ನೂ ಎಳೆಯಬೇಡಿ. ಸೆಂಟ್ರಲ್ ಲೈನ್ (ಹೃದಯದ ಹತ್ತಿರದ ದೊಡ್ಡ ರಕ್ತನಾಳದವರೆಗೆ ಹೋಗುವ ನಳಿಗೆ) ಹೊಸದಾದರೆ ಎಕ್ಸ್‌ರೇ ನೋಡಿ ತುದಿ ಸರಿಯಾದ ಜಾಗದಲ್ಲಿದೆ ಅಂತ ಡಾಕ್ಟರ್ ಬರೆದ ಮೇಲೆಯೇ ಶುರು.

ಬಾಟಲಿ ಮೇಲೆ ಶುರುಮಾಡಿದ ಗಂಟೆ ಬರೆಯಿರಿ. ಒಂಟಿ ಲಿಪಿಡ್ ಬಾಟಲಿ 12 ಗಂಟೆಯೊಳಗೆ ಮುಗಿಯಬೇಕು, ಮೂರೂ ಬೆರೆತ ಚೀಲ 24 ಗಂಟೆಯೊಳಗೆ. ಉಳಿದದ್ದು ಎಷ್ಟೇ ಇರಲಿ, ಚೆಲ್ಲಿ. “ಅಯ್ಯೋ, ಅರ್ಧ ಹಾಗೇ ಇದೆಯಲ್ಲ ಸಿಸ್ಟರ್” ಅಂತ ಮನೆಯವರು ನೋವಿನಿಂದ ಹೇಳುತ್ತಾರೆ. ಆದರೂ ಚೆಲ್ಲಿ. ಮುಂದಿನ ಬಾಟಲಿಗೆ ಹೊಸ ಸೆಟ್.

ಹೆಜ್ಜೆ 7: ನಿಧಾನ

ಕಿಲೋಗೆ ಗಂಟೆಗೆ 0.11 ಗ್ರಾಂ. ಈ ಒಂದು ಅಂಕಿ ಬಾಯಿಪಾಠ ಇರಲಿ. ಇದಕ್ಕಿಂತ ಜೋರು ಬೇಡ. ಮೆಣಸಣ್ಣನಿಗೆ ಗಂಟೆಗೆ 5.5 ಗ್ರಾಂ, ಅಂದರೆ ಹೆಚ್ಚೆಂದರೆ 27 ಎಂಎಲ್. ನಾವು ಓಡಿಸಿದ್ದು ಗಂಟೆಗೆ 21ರಂತೆ, 12 ಗಂಟೆಗೆ 250 ಎಂಎಲ್. ಮೊದಲ ಅರ್ಧ ಗಂಟೆ ಅದಕ್ಕೂ ಕಡಿಮೆ, ಗಂಟೆಗೆ 10ರ ವೇಗ. ಆ ಅರ್ಧ ಗಂಟೆ ಹತ್ತಿರ ಇರಿ. ನಡುಕ, ಎದೆ ಅಥವಾ ಬೆನ್ನು ನೋವು, ಮುಖ ಕೆಂಪೇರುವುದು, ದದ್ದು, ಉಸಿರು ಬಿಗಿಯುವುದು, ಯಾವುದೇ ಕಂಡರೂ ನಿಲ್ಲಿಸಿ, ಡಾಕ್ಟರನ್ನು ಕರೆಯಿರಿ.

ನನ್ನ ಮೊದಲ ವರ್ಷದ ತಪ್ಪು ಹೇಳಿಬಿಡುತ್ತೇನೆ. ಜುಲೈ ತಿಂಗಳು, ಎರಡು ದಿನದಿಂದ ಬಿಡದ ಮಳೆ, ಕರೆಂಟ್ ಇಲ್ಲ. ಜನರೇಟರ್ ವಾರ್ಡಿನ ಆ ಕಡೆಗೆ ಇರಲಿಲ್ಲ. ಪಂಪಿನ ಬ್ಯಾಟರಿ ಸತ್ತಿತು. ನಾನು ಬಾಟಲಿಯನ್ನು ಮಾಮೂಲಿ ಸೆಟ್‌ಗೆ ಬದಲಾಯಿಸಿ, ಟಾರ್ಚ್ ಬೆಳಕಿನಲ್ಲಿ ಕಣ್ಣಂದಾಜಿನಲ್ಲಿ ಹನಿ ಬಿಟ್ಟು, ಪಕ್ಕದ ವಾರ್ಡಿನ ರೋಗಿ ನೋಡಲು ಹೋದೆ. ಬಂದಾಗ ಬಾಟಲಿ ಖಾಲಿ. ಮೂರು ಗಂಟೆಯೂ ಆಗಿರಲಿಲ್ಲ. ರೋಗಿ ಎರಡು ಕಂಬಳಿ ಹೊದ್ದು ನಡುಗುತ್ತಿದ್ದರು, ಉಸಿರು ಮೇಲೆ ಮೇಲೆ. ಬೆಳಿಗ್ಗೆ ತೆಗೆದ ರಕ್ತ ಟ್ಯೂಬಿನಲ್ಲಿ ನಿಂತಾಗ ಮೇಲಿನ ಅರ್ಧ ಕಾಫಿಗೆ ಹಾಕುವ ಹಾಲಿನ ಬಣ್ಣ. ಲ್ಯಾಬಿನವರು ಫೋನ್ ಮಾಡಿ, “ಏನ್ ಸಿಸ್ಟರ್ ಇದು?” ಅಂದರು. ರೋಗಿ ಎರಡು ದಿನದಲ್ಲಿ ಸುಧಾರಿಸಿದರು. ನನಗೆ ಜಾಸ್ತಿ ದಿನ ಬೇಕಾಯಿತು.

ಪಂಪ್ ಇಲ್ಲದಿದ್ದರೆ ಮೈಕ್ರೋಡ್ರಿಪ್ ಸೆಟ್ ಹುಡುಕಿ. ಅದರಲ್ಲಿ ಒಂದು ಎಂಎಲ್‌ಗೆ 60 ಹನಿ, ಗಂಟೆಗೆ 21 ಎಂಎಲ್ ಅಂದರೆ ನಿಮಿಷಕ್ಕೆ 21 ಹನಿ. 20 ಹನಿಯ ಮಾಮೂಲಿ ಸೆಟ್ ಆದರೆ ನಿಮಿಷಕ್ಕೆ 7 ಹನಿ ಮಾತ್ರ. ಏಳು ಹನಿ ನೋಡಲು ಎಷ್ಟು ನಿಧಾನ ಅಂದರೆ ನಿಂತೇಹೋಗಿದೆ ಅನ್ನಿಸುತ್ತದೆ. ಕೈ ತಾನಾಗಿ ರೋಲರ್ ಕಡೆ ಹೋಗುತ್ತದೆ. ಮುಟ್ಟಬೇಡಿ. ಹನಿಯ ಲೆಕ್ಕ ಅಂದಾಜು ಮಾತ್ರ, ಅದಕ್ಕೆ ಬಾಟಲಿಗೆ ಪ್ಲಾಸ್ಟರ್ ಪಟ್ಟಿ ಅಂಟಿಸಿ ಗಂಟೆಗಂಟೆಯ ಗುರುತು ಹಾಕಿ.

ಓಟಿಯಲ್ಲಿ ಇದೇ ಬಾಟಲಿಯಿಂದ ಸಿರಿಂಜಿನಲ್ಲಿ ಎಳೆದು ಭರ್ರನೆ ಕೊಟ್ಟದ್ದನ್ನು ನೀವು ನೋಡಿರಬಹುದು. ಅದು ಬೇರೆಯೇ ಕಥೆ. ಬುಪಿವಕೇನ್‌ನಂಥ ಮರಗಟ್ಟಿಸುವ ಔಷಧಿ ರಕ್ತಕ್ಕೆ ಸೇರಿ ಹೃದಯ ಕೈಕೊಟ್ಟಾಗ, 20% ಲಿಪಿಡ್ ಕಿಲೋಗೆ 1.5 ಎಂಎಲ್‌ನಂತೆ ಒಮ್ಮೆಲೇ ಕೊಟ್ಟು ಜೀವ ಉಳಿಸುತ್ತಾರೆ. ಅಲ್ಲಿ ಅದು ಮದ್ದು, ವಾರ್ಡಿನಲ್ಲಿ ಊಟ.

ಹೆಜ್ಜೆ 8: ದಿನದಿನದ ನಿಗಾ

ಶುರುವಿನ ದಿನಗಳಲ್ಲಿ ಸಕ್ಕರೆ ಆರು ಗಂಟೆಗೊಮ್ಮೆ. ಪೊಟ್ಯಾಷಿಯಂ, ಮೆಗ್ನೀಷಿಯಂ, ಫಾಸ್ಫೇಟ್ ದಿನಾ, ಸ್ಥಿರವಾದ ಮೇಲೆ ವಾರಕ್ಕೆರಡು ಸಲ. ಟ್ರೈಗ್ಲಿಸರೈಡ್ ಎರಡನೇ ದಿನ ಒಮ್ಮೆ, ಆಮೇಲೆ ವಾರಕ್ಕೊಮ್ಮೆ. 400 ದಾಟಿದರೆ ಕಡಿಮೆ ಮಾಡುವ ಮಾತು, 1000ದ ಹತ್ತಿರ ಬಂದರೆ ನಿಲ್ಲಿಸುವ ಮಾತು. ಆ ಮಟ್ಟದಲ್ಲಿ ಪ್ಯಾಂಕ್ರಿಯಾಸ್ ಕೆರಳುತ್ತದೆ. ಲಿವರ್ ಟೆಸ್ಟ್, ಪ್ಲೇಟ್‌ಲೆಟ್ ವಾರಕ್ಕೊಮ್ಮೆ.

ರಕ್ತ ತೆಗೆಯುವಾಗ ಲಿಪಿಡ್ ಓಡುತ್ತಿಲ್ಲದ ಇನ್ನೊಂದು ಕೈಯಿಂದ, ಸಾಧ್ಯವಾದರೆ ಬಾಟಲಿ ಮುಗಿದು ನಾಲ್ಕಾರು ಗಂಟೆ ಆದ ಮೇಲೆ. ಹಾಲಿನಂಥ ಸೀರಂನಲ್ಲಿ ಸೋಡಿಯಂ ಸುಳ್ಳೇ ಕಡಿಮೆ, ಹಿಮೋಗ್ಲೋಬಿನ್ ಸುಳ್ಳೇ ಜಾಸ್ತಿ ತೋರಿಸಬಹುದು. ಲ್ಯಾಬ್ ಸ್ಲಿಪ್ ಮೇಲೆ ‘ಲಿಪಿಡ್ ನಡೆಯುತ್ತಿದೆ’ ಅಂತ ಬರೆಯಿರಿ. ಹೃದಯದ ಕವಾಟ ಬದಲಾಯಿಸಿ ರಕ್ತ ತೆಳುವಾಗುವ ಮಾತ್ರೆಯಲ್ಲಿರುವವರಾದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಪರೀಕ್ಷೆ) ಮೇಲೆ ಕಣ್ಣಿಡಿ, ಸೋಯಾ ಎಣ್ಣೆಯಲ್ಲಿ ಆ ಮಾತ್ರೆಯ ಕೆಲಸ ಕುಗ್ಗಿಸುವ ವಿಟಮಿನ್ ಕೆ ಇದೆ.

ಜ್ವರ ಬಂದರೆ ಮೊದಲ ಅನುಮಾನ ಸೆಂಟ್ರಲ್ ಲೈನ್ ಮೇಲೆ. ಜ್ವರದ ಜೊತೆ ಕಣ್ಣು ಹಳದಿ, ಲಿವರ್ ಮತ್ತು ಗುಲ್ಮ ದೊಡ್ಡದಾಗುವುದು, ಪ್ಲೇಟ್‌ಲೆಟ್ ಕುಸಿತ, ಉಸಿರಾಟದ ತೊಂದರೆ ಸೇರಿಕೊಂಡರೆ ಕೊಬ್ಬು ತುಂಬಿ ತುಳುಕಿದ ಸ್ಥಿತಿ ಇರಬಹುದು. ಅಪರೂಪ. ಲಿಪಿಡ್ ನಿಲ್ಲಿಸುವುದೇ ಅದಕ್ಕೆ ಮೊದಲ ಚಿಕಿತ್ಸೆ.

ಮೈಸೂರಿಗೋ ಮಂಗಳೂರಿಗೋ ಕಳಿಸುವಾಗ

ನಮ್ಮಲ್ಲಿ ಇದು ಆಗಾಗ ಬರುತ್ತದೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರಿಗೆ ಆದರೆ ಸಂಪಾಜೆ ಘಾಟಿ ಇಳಿಯಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆಯೇ ಮುಚ್ಚಿತ್ತು, ಮಳೆಗಾಲದಲ್ಲಿ ಎಷ್ಟು ಗಂಟೆ ಆಗುತ್ತದೆ ಅಂತ ಹೇಳಲಾಗದು. ಲಿಪಿಡ್ ಒಂದನ್ನು ನಿಲ್ಲಿಸಿದರೆ ಏನೂ ಆಗುವುದಿಲ್ಲ. ನಿಲ್ಲಿಸಿ, ಲೈನ್ ಸಲೈನ್‌ನಿಂದ ತೊಳೆದು ಕಳಿಸಿ. ತಿರುವಿನ ದಾರಿಯಲ್ಲಿ ಎರಡು ಪಂಪ್ ಹಿಡಿದು ಕೂರುವುದಕ್ಕಿಂತ ಅದು ವಾಸಿ. ಆದರೆ ಜಾಸ್ತಿ ಸಕ್ಕರೆಯ ಟಿಪಿಎನ್ ಅನ್ನು ತಟ್ಟನೆ ನಿಲ್ಲಿಸಬೇಡಿ, ರಕ್ತದ ಸಕ್ಕರೆ ದಾರಿಯಲ್ಲೇ ಕುಸಿಯಬಹುದು. ಅದರ ಜಾಗಕ್ಕೆ 10% ಡೆಕ್ಸ್‌ಟ್ರೋಸ್ ಹಚ್ಚಿ, ಗ್ಲುಕೋಮೀಟರ್ ಜೊತೆಗೆ ಕಳಿಸಿ. ರೆಫರಲ್ ಚೀಟಿಯಲ್ಲಿ ಲಿಪಿಡ್‌ನ ಹೆಸರು, ಎಷ್ಟು ಎಂಎಲ್ ಹೋಗಿದೆ, ಕೊನೆಯ ಟ್ರೈಗ್ಲಿಸರೈಡ್ ಎಷ್ಟು ಅಂತ ಬರೆಯಿರಿ. ಇಲ್ಲದಿದ್ದರೆ ಅಲ್ಲಿ ಅದೇ ದಿನ ಇನ್ನೊಂದು ಬಾಟಲಿ ಏರುತ್ತದೆ.

ನಿಲ್ಲಿಸುವುದು

ಕರುಳು ಒಪ್ಪಿಕೊಳ್ಳಲು ಶುರು ಮಾಡಿದ ದಿನವೇ ಇಳಿಸುವ ಲೆಕ್ಕ ಶುರು. ಬಾಯಿಂದಲೋ ನಳಿಗೆಯಿಂದಲೋ ಹೋಗುವುದನ್ನು ಬರೆದಿಡಿ. ‘ಗಂಜಿ ಕುಡಿದರು’ ಅಂತ ಬರೆದರೆ ಉಪಯೋಗವಿಲ್ಲ, ಎಷ್ಟು ಲೋಟ ಅಂತ ಬೇಕು. ತೆಳು ಗಂಜಿಯಲ್ಲಿ ನೀರೇ ಜಾಸ್ತಿ. ಬೇಕಾದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಆ ದಾರಿಯಿಂದ ಹೋಗಿ ದಕ್ಕಿದರೆ ಟಿಪಿಎನ್ ಅರ್ಧ ಮಾಡಿ, ಮುಕ್ಕಾಲು ಹೋದರೆ ನಿಲ್ಲಿಸುವ ಮಾತಾಡಿ.

ಮೆಣಸಣ್ಣನಿಗೆ ಮೂರು ವಾರ ಹಿಡಿಯಿತು. ಸೋರಿಕೆ ದಿನದಿನಕ್ಕೆ ಇಳಿದು, ಕೊನೆಗೆ ಗಾಯದ ಬಟ್ಟೆ ಒಣಗೇ ಇರಲು ಶುರುವಾಯಿತು. ಮೊದಲ ದಿನ ನಾಲ್ಕು ಚಮಚ ಗಂಜಿ, ಐದನೇ ದಿನ ಮೆತ್ತಗಿನ ಅನ್ನ, ಮೊಟ್ಟೆಯ ಬಿಳಿ. “ನರದಲ್ಲೂ ಮೊಟ್ಟೆ, ಬಾಯಲ್ಲೂ ಮೊಟ್ಟೆ” ಅಂತ ಅವರೇ ನಕ್ಕರು. ಲಿಪಿಡ್ ಮೊದಲು ನಿಲ್ಲಿಸಿದೆವು, ಡೆಕ್ಸ್‌ಟ್ರೋಸ್ ಮತ್ತು ಅಮೈನೋ ಆಮ್ಲ ಇನ್ನೆರಡು ದಿನ ಅರ್ಧ ವೇಗದಲ್ಲಿ ಓಡಿದವು. ಕುತ್ತಿಗೆಯ ಲೈನ್ ಮಾತ್ರ ಮತ್ತೂ ಒಂದು ದಿನ ಬಿಟ್ಟೆವು, ಅನ್ನ ವಾಂತಿಯಾದರೆ ಮತ್ತೆ ಚುಚ್ಚುವುದು ಬೇಡ ಅಂತ. ಆಗಲಿಲ್ಲ. ಮಂಚ ಸಪಾಟು ಮಾಡಿ, ಉಸಿರು ಬಿಗಿಹಿಡಿಯಲು ಹೇಳಿ, ಲೈನ್ ಎಳೆದು, ಗಾಳಿ ಒಳಗೆ ಹೋಗದ ಹಾಗೆ ಐದು ನಿಮಿಷ ಒತ್ತಿ ಹಿಡಿದೆ. ಅಷ್ಟರಲ್ಲಿ ಅವರ ಹೆಂಡತಿ ಬಟ್ಟೆ ಗಂಟು ಕಟ್ಟಿ ಮುಗಿಸಿದ್ದರು.